ಹೂಂ ಅನ್ನದ ಪೆಟ್ಟಿಗೆ

ಮಗಳ ಮನೆಯಲ್ಲಿ ನನಗೆಂದೇ ಒಂದು ಕೋಣೆ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನೆಲ್ಲ ಓದಿ, ಮೊಮ್ಮಕ್ಕಳ ಮೇಲಿನ ಮಾಯೆಗೆ ಮುದುಕಿ ಇಷ್ಟು ಕುದಿಯುತ್ತಾಳೆ ಎಂದು ನೀವು ಕಣ್ಣು ಒರೆಸಿಕೊಳ್ಳುತ್ತೀರಿ. ಮಾಯೆ ಇರಲಿಲ್ಲ ಎಂದಲ್ಲ, ಇತ್ತು. ಆದರೆ ಕೋಣೆಯೂ ಇತ್ತು. ಬಾಗಿಲು ಹಾಕಿಕೊಂಡರೆ ಒಳಗಿನಿಂದ ಚಿಲಕ ಬೀಳುತ್ತಿತ್ತು. ಬಾಗಲಕೋಟೆಯಲ್ಲಿ ಮಗನ ಮನೆಯ ನಡುಮನೆಯಲ್ಲಿ, ಟೀವಿಯ ಎದುರಿಗೆ, ಬಂದವರೆಲ್ಲ ಕೂರುವ ಮಂಚವೇ ನನ್ನ ಮಂಚ. ಬೀಗರು ಬಂದರೆ ಎದ್ದು ನಿಲ್ಲಬೇಕು, ಸೊಸೆಯ ತಮ್ಮ ಬಂದರೆ ನನ್ನ ಹೊದಿಕೆ ಮಡಿಚಿ ಮೂಲೆಗಿಡಬೇಕು. ಹುಟ್ಟಿದ ಮನೆಯಲ್ಲಿ ಸಾಲಾಗಿ ಮಲಗಿದ ಮಕ್ಕಳ ನಡುವೆ ಮಲಗಿದೆ, ಗಂಡನ ಮನೆಯಲ್ಲಿ ಅಡುಗೆಮನೆಯ ಗೋಡೆಗೆ ಒತ್ತಿ ಮಲಗಿದೆ. ಅಮೆರಿಕದಲ್ಲಿ ಡಬ್ಲಿನ್ ಎನ್ನುವ ಆ ಊರಿಗೆ ಹೋಗಿ, ಆ ಮನೆಯ ಮೇಲಿನ ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ಕೂತಾಗಲೇ ನಾನು ಮೊದಲ ಸಲ ಯಾರ ಕಣ್ಣಿಗೂ ಬೀಳದೆ ಕಾಲು ಚಾಚಿದ್ದು. ಅದನ್ನು ಬಿಟ್ಟು ಬರಲು ನನಗೆ ಮನಸ್ಸಿರಲಿಲ್ಲ. ಮಗಳು ಶೈಲಾ ಏರ್‌ಪೋರ್ಟಿನಿಂದ ಕಾರಿನಲ್ಲಿ ಕರೆತರುವಾಗಲೇ ಹೇಳಿದ್ದಳು: ಆರು ತಿಂಗಳು ಮುಗಿಯುವ ಮೊದಲು ವೀಸಾ ಮುಂದುವರಿಸಲು ಅರ್ಜಿ ಹಾಕೋಣ, ದೊಡ್ಡವಳು ಅನ್ವಿ ಕಿಂಡರ್‌ಗಾರ್ಟನ್ನಿಗೆ ಸೇರುವವರೆಗೆ ನೀನು ಇಲ್ಲೇ ಇರಬೇಕು. ಆ ಮಾತನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡೆ.

ಆ ಮನೆ ಮಾತಾಡಲು ಕಟ್ಟಿಸಿದ ಮನೆಯಲ್ಲ. ಕೆಳಗೆ ಮೇಲೆ ಎಲ್ಲ ಕಾರ್ಪೆಟ್ಟು, ನಡೆದರೆ ನಮ್ಮ ಹೆಜ್ಜೆ ನಮಗೇ ಕೇಳುವುದಿಲ್ಲ. ಮಗಳ ಆಫೀಸು ಮೇಲೆ, ನನ್ನ ಕೋಣೆಯ ಪಕ್ಕದಲ್ಲಿ. ಅಳಿಯ ಹರ್ಷನದು ಕೆಳಗೆ, ಅಡುಗೆಮನೆಗೆ ಅಂಟಿಕೊಂಡ ಕೋಣೆಯಲ್ಲಿ. ವಾರದಲ್ಲಿ ಒಂದೆರಡು ದಿನ ಫ್ರೀವೇ ಹಿಡಿದು ಹೋಗುತ್ತಿದ್ದರು, ಉಳಿದ ದಿನ ಇಬ್ಬರೂ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಮನೆಯಲ್ಲಿಲ್ಲದವರ ಜೊತೆ ಮಾತಾಡುತ್ತಿದ್ದರು. ಕುಕ್ಕರು ಕೂಗಿದರೆ ಮೀಟಿಂಗಿನಲ್ಲಿ ಕೇಳುತ್ತದೆ. ರೊಟ್ಟಿ ಬಡಿದರೆ ಕೇಳುತ್ತದೆ, ಬೇಯಿಸಿದರೆ ಹೊಗೆಗೆ ಛಾವಣಿಯ ಅಲಾರಾಮು ಕಿರುಚುತ್ತದೆ. ಆದ್ದರಿಂದ ಜೋಳದ ರೊಟ್ಟಿ ಶನಿವಾರ ಮಾತ್ರ, ಹಿತ್ತಲಲ್ಲಿ ಗ್ಯಾಸಿನ ಸಣ್ಣ ಒಲೆಯ ಮೇಲೆ. ವಾರದ ದಿನ ಮಕ್ಕಳಿಗೆ ಪಾಸ್ತಾ, ಮೊಸರನ್ನ, ಹೋಳು ಮಾಡಿದ ಹಣ್ಣು. ತಟ್ಟೆಯಲ್ಲಿ ಮೂರು ಗುಳಿ, ಒಂದರ ಊಟ ಇನ್ನೊಂದಕ್ಕೆ ತಾಗಬಾರದು. ನಾನು ಅನ್ನ ಸಾರು ಕಲಸಿ ತುತ್ತು ಮಾಡಿ ಬಾಯಿಗಿಟ್ಟೆ ಎಂದು ಮೊದಲ ವಾರವೇ ಜಗಳವಾಯಿತು. ಮಗು ತಾನೇ ತಿನ್ನಬೇಕಂತೆ, ತಾನೇ ಕಲಿಯಬೇಕಂತೆ. ನೀನು ಶಾಲೆಗೆ ಹೋಗುವಾಗಲೂ ನನ್ನ ಕೈತುತ್ತು ತಿಂದವಳೇ, ಉಣ್ಣುವುದನ್ನು ಕಲಿಯದೆ ಹೋದೆಯೇನು ಎಂದು ಕೇಳಿದೆ. ಅವಳು ಅವತ್ತೆಲ್ಲ ನನ್ನ ಜೊತೆ ಮಾತು ಬಿಟ್ಟಳು.

ಅನ್ವಿಗೆ ಆಗ ನಾಲ್ಕು ತುಂಬಿತ್ತು, ಅವಳ ತಮ್ಮ ಕಿಯಾನ್‌ಗೆ ಎರಡೂವರೆ. ಡೇಕೇರಿಗೆ ಕಳಿಸಿದರೆ ಮೇಲಿಂದ ಮೇಲೆ ಜ್ವರ ಹೊತ್ತು ತರುತ್ತಾರೆಂದು ಬಿಡಿಸಿದ್ದರು, ಅದಕ್ಕೇ ನನ್ನನ್ನು ಕರೆಸಿದ್ದು. ನಾನಾಡಿದ್ದು ಇಬ್ಬರಿಗೂ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸಣ್ಣವನದು ಅದೂ ಇಲ್ಲ, ಬೆರಳು ತೋರಿಸುವುದಷ್ಟೇ. ಮಕ್ಕಳಿಗೆ ಟೀವಿ ಇಲ್ಲ, ಫೋನಿಲ್ಲ. ಪರದೆ ನೋಡಿದರೆ ಮಿದುಳು ಕೆಡುತ್ತದೆಂದು ಗಂಡ ಹೆಂಡತಿ ಇಬ್ಬರೂ ಓದಿಕೊಂಡಿದ್ದರು, ಇಡೀ ದಿನ ಪರದೆಯನ್ನೇ ನೋಡಿ ಬದುಕುವವರು. ಅದರ ಬದಲಿಗೆ ಒಂದು ಪೆಟ್ಟಿಗೆ. ಬೆಲ್ಲದ ಅಚ್ಚಿನಷ್ಟು ದೊಡ್ಡದು, ಮೆತ್ತನೆಯ ಹಳದಿ ಮೈ, ನೆತ್ತಿಯ ಮೇಲೊಂದು ಸೀಳು. ಆ ಸೀಳಿಗೆ ಇಸ್ಪೀಟಿನ ಎಲೆಯಂಥ ಕಾರ್ಡು ಇಳಿಸಿದರೆ ಒಳಗಿನಿಂದ ಯಾರೋ ಕಥೆ ಓದುತ್ತಿದ್ದರು. ಒಂದೊಂದು ಕಾರ್ಡಿಗೆ ಒಂದೊಂದು ಕಥೆ, ಎಲ್ಲ ಇಂಗ್ಲಿಷು. ಮಧ್ಯಾಹ್ನ ಊಟವಾದ ಮೇಲೆ ‘ಕ್ವಾಯೆಟ್ ಟೈಮು’. ಗಿಡ್ಡ ಮೇಜು, ಗಿಡ್ಡ ಕುರ್ಚಿ, ಬಣ್ಣ ತುಂಬುವ ಪುಸ್ತಕ, ತೊಳೆದರೆ ಹೋಗುವ ಬಣ್ಣದ ಕಡ್ಡಿಗಳ ಡಬ್ಬಿ. ಪೆಟ್ಟಿಗೆ ಹೇಳುತ್ತದೆ, ಮಕ್ಕಳು ಕೇಳುತ್ತಾ ಬಣ್ಣ ತುಂಬುತ್ತಾರೆ, ಮೇಲೆ ಕೆಳಗೆ ಮೀಟಿಂಗು ನಡೆಯುತ್ತದೆ. ಕಿವಿಗೆ ಮಾತು, ಕೈಗೆ ಹಿಡಿತ, ಎರಡೂ ಒಟ್ಟಿಗೆ ಬೆಳೆಯುತ್ತವೆ ಎಂದು ಶೈಲಾ ನನಗೆ ತಿಳಿಸಿ ಹೇಳಿದಳು. ಸುಳ್ಳು ಎನ್ನಲಾರೆ. ಆ ಹುಡುಗಿ ನನ್ನ ಕಣ್ಣೆದುರೇ ಕಲಿತಳು. ತಿಮಿಂಗಿಲ ಹೇಗೆ ಉಸಿರಾಡುತ್ತದೆ, ಚಂದ್ರನ ಮೇಲೆ ಯಾಕೆ ಗಾಳಿ ಇಲ್ಲ, ಎಲ್ಲ ಹೇಳುತ್ತಿದ್ದಳು. ಗೆರೆ ದಾಟದಂತೆ ಬಣ್ಣ ತುಂಬುತ್ತಿದ್ದಳು. ಸಣ್ಣವನೂ ಮುಷ್ಟಿಯಲ್ಲಿ ಕಡ್ಡಿ ಹಿಡಿಯುವುದನ್ನು ಬಿಟ್ಟು ಬೆರಳಲ್ಲಿ ಹಿಡಿಯುವುದಕ್ಕೆ ಬಂದ. ನನ್ನ ಕೆಲಸವೆಂದರೆ ಮೊಂಡಾದ ಕಡ್ಡಿ ಚೂಪು ಮಾಡಿ ಕೊಡುವುದು, ಬಿದ್ದದ್ದು ಎತ್ತಿ ಕೊಡುವುದು, ಪೆಟ್ಟಿಗೆ ನಗಿಸಿದಾಗ ಅವರು ನಗುವುದನ್ನು ನೋಡುತ್ತಾ ಕೂರುವುದು. ಅನ್ವಿಯ ಇಂಗ್ಲಿಷು ನನಗೆ ಅಷ್ಟಿಷ್ಟು ತಿಳಿಯುತ್ತಿತ್ತು, ಪೆಟ್ಟಿಗೆಯದು ತಿಳಿಯುತ್ತಿರಲಿಲ್ಲ, ಯಾಕೆ ನಕ್ಕರು ಎಂದೂ ತಿಳಿಯುತ್ತಿರಲಿಲ್ಲ. ಒಂದು ದಿನ ಅನ್ವಿ ಪುಸ್ತಕದೊಳಗಿನ ಹುಡುಗಿಯ ಕೈಗೆ ಬಣ್ಣ ಹುಡುಕುತ್ತಿದ್ದಾಗ, ನಿನ್ನಷ್ಟಿದ್ದಾಗ ನನ್ನ ಕೈ ಮುಂಗೈತನಕ ನೀಲಿ ಇತ್ತು ಎಂದೆ. ಅವಳು ನನ್ನ ಕೈ ತಿರುಗಿಸಿ ನೋಡಿ, ಕೈ ನೀಲಿ ಇರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಡಬ್ಬಿಯಿಂದ ಮಾಸಲು ಗುಲಾಬಿ ಕಡ್ಡಿ ತೆಗೆದುಕೊಂಡಳು.

ನೀಲಿ ಇತ್ತು. ನಾನು ಹುಟ್ಟಿ ಬೆಳೆದದ್ದು ಗುಳೇದಗುಡ್ಡದಲ್ಲಿ, ಕುಪ್ಪಸದ ಖಣ ನೇಯುವವರ ಓಣಿಯಲ್ಲಿ. ಅವರು ನೇಯುವ ನೂಲಿಗೆ ಬಣ್ಣ ಹಾಕಿ ಕೊಡುವುದು ನಮ್ಮ ಅಜ್ಜನ ಕಸುಬು. ಪಡಸಾಲೆಯಲ್ಲಿ ಮಗ್ಗ, ಅದರಾಚೆ ಕತ್ತಲೆಯ ಅಡುಗೆಮನೆ, ಹಿತ್ತಲಲ್ಲಿ ಬಣ್ಣದ ಮನೆ. ಬಣ್ಣದ ಮನೆಯ ಒಳಗೆ ಅಜ್ಜ ಒಬ್ಬನೇ. ನೂಲಿನ ಒದ್ದೆ ಲಡಿಗಳನ್ನು ಹೊತ್ತು ತಂದು ಹಿಂಡಿ ಒಣಗಲು ಗಳಕ್ಕೆ ಹಾಕುವ ಕೆಲಸ ಹೆಣ್ಣುಮಕ್ಕಳದು. ಅದಕ್ಕೇ ನಮ್ಮೆಲ್ಲರ ಕೈ ಒಂದು ವಾರ ಕೆಂಪು, ಒಂದು ವಾರ ನೀಲಿ. ಉಣ್ಣುವಾಗ ರೊಟ್ಟಿಯ ಅಂಚಿಗೂ ಬಣ್ಣ ಹತ್ತುತ್ತಿತ್ತು, ಹಾಗೇ ತಿನ್ನುತ್ತಿದ್ದೆವು. ಹುಣ್ಣಿಮೆ ಅಮಾವಾಸ್ಯೆಗೆ ಮಾತ್ರ ಕೈ ತಿಕ್ಕಿ ತೊಳೆಸಿ ಹೋಳಿಗೆ ಹಾಕುತ್ತಿದ್ದರು. ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿದರು, ಯಾರೂ ಅದನ್ನು ದೊಡ್ಡ ಸುದ್ದಿ ಮಾಡಲಿಲ್ಲ, ನಾನೂ ಅಳಲಿಲ್ಲ. ಆಮೇಲೆ ಇಡೀ ದಿನ ರಾಟಿ ತಿರುಗಿಸಿ ನೂಲನ್ನು ಕಂಡಿಕೆಗೆ ಸುತ್ತುವ ಕೆಲಸ. ಅದು ಮೈಗೆ ಭಾರವಿಲ್ಲ, ಆದರೆ ನಿದ್ದೆ ಎಳೆಯುತ್ತದೆ. ನಿದ್ದೆ ಬಂದರೆ ನೂಲು ಹರಿಯುತ್ತದೆ, ಹರಿದರೆ ಬೈಗುಳ. ನಮ್ಮನ್ನು ಎಚ್ಚರ ಇಡಲು ಅಜ್ಜಿ ನಡುವೆ ಕೂತು ಕಥೆ ಹೇಳುತ್ತಿದ್ದಳು. ಒಂದು ಮಾತು ಹೇಳಿ ನಿಲ್ಲುತ್ತಿದ್ದಳು. ನಾವು ಹೂಂ ಅನ್ನಬೇಕು. ಹೂಂ ಬರಲಿಲ್ಲವೋ, ಕಥೆ ಅಲ್ಲಿಗೇ ನಿಂತಿತು, ತಲೆಗೊಂದು ಮೊಟಕು ಬಿತ್ತು. ಹೂಂ ಅಂದರೆ ಬರೀ ಸದ್ದಲ್ಲ. ಹೆದರಿದ ಹೂಂ ಬೇರೆ, ಸುಳ್ಳು ಹೇಳಬೇಡ ಅನ್ನುವ ಹೂಂ ಬೇರೆ, ಬೇಗ ಬೇಗ ಅನ್ನುವ ಹೂಂ ಬೇರೆ. ಅಜ್ಜಿ ಅದನ್ನು ಕೇಳಿಯೇ ಕಥೆಯ ದಾರಿ ತಿರುಗಿಸುತ್ತಿದ್ದಳು. ನಾವು ಬಹಳ ಹೆದರಿದರೆ ರಾಕ್ಷಸ ಸಣ್ಣವನಾಗುತ್ತಿದ್ದ, ನಾವು ನಗದಿದ್ದರೆ ಕತ್ತೆ ಇನ್ನೊಂದು ಸಲ ಬೀಳುತ್ತಿತ್ತು.

ಶಾಲೆ ನನಗೆ ಅಕ್ಷರ ಕೊಟ್ಟಿತು. ಉಳಿದದ್ದನ್ನೆಲ್ಲ ಕಲಿಸಿದ್ದು ಆ ರಾಟಿಯ ಮುಂದಿನ ಮಾತು: ಲೆಕ್ಕ, ಬೈಗುಳ, ಯಾರ ಮನೆಗೆ ಹೋದರೆ ಎಲ್ಲಿ ಕೂರಬೇಕು, ಯಾವ ಗಂಡಸಿನ ಎದುರು ಬಾಯಿ ಬಿಡಬಾರದು. ನಾನು ಎಂಥವಳೋ ಅಂಥವಳಾದದ್ದೂ ಅಲ್ಲೇ. ಇವತ್ತಿಗೂ ಎದುರಿನವರು ಕೇಳುತ್ತಿದ್ದಾರೋ ಇಲ್ಲವೋ ತಿಳಿಯದೆ ನನ್ನ ನಾಲಿಗೆ ಏಳುವುದಿಲ್ಲ. ಕೇಳದವರ ಮೇಲೆ ಸಿಟ್ಟು ಬರುತ್ತದೆ, ಆ ಸಿಟ್ಟು ಇಳಿಯುವುದಿಲ್ಲ. ನನ್ನ ಗಂಡ ಹೂಂ ಅನ್ನದ ಮನುಷ್ಯ. ಒಳ್ಳೆಯವನೇ ಇದ್ದ, ದುಡಿದು ಹಾಕಿದ, ಹೊಡೆಯಲಿಲ್ಲ. ಆದರೆ ಅವನ ಮನೆಗೆ ಹೋದ ಮೇಲೆ ನಾನು ಹೆಚ್ಚು ಮಾತಾಡಿದ್ದು ಎಮ್ಮೆಯ ಜೊತೆ. ಅದು ಕಿವಿಯನ್ನಾದರೂ ಆಡಿಸುತ್ತಿತ್ತು.

ಡಬ್ಲಿನ್‌ನಲ್ಲಿ ಒಂದು ಮಧ್ಯಾಹ್ನ ಪೆಟ್ಟಿಗೆಯ ಬ್ಯಾಟರಿ ಮುಗಿದು ಹೋಯಿತು. ಅನ್ವಿ ಕಡ್ಡಿ ಕೆಳಗಿಟ್ಟು ನನ್ನ ಮುಖ ನೋಡಿದಳು. ನಾನು ಶುರು ಮಾಡಿದೆ. ಏಳು ಸೀರೆ ಉಟ್ಟ ಮುದುಕಿಯ ಕಥೆ, ನಮ್ಮ ಅಜ್ಜಿ ತಾನೇ ಕಟ್ಟಿದ್ದು. ಕಳ್ಳರ ಭಯಕ್ಕೆ ಇದ್ದ ಸೀರೆಯನ್ನೆಲ್ಲ ಒಂದರ ಮೇಲೊಂದು ಉಟ್ಟುಕೊಂಡೇ ತಿರುಗುವ ಮುದುಕಿ, ಬಾಗಿಲಲ್ಲಿ ಹಿಡಿಸುವುದಿಲ್ಲ, ಕೂತರೆ ಏಳಲಾಗುವುದಿಲ್ಲ. ಮೊದಲ ಮಾತು ಹೇಳಿ ನಿಂತೆ. ಹುಡುಗಿ ಸುಮ್ಮನೆ ಕೂತಿದ್ದಳು. ನಾನೂ ಸುಮ್ಮನೆ ಕೂತೆ. ಬ್ಯಾಟರಿ ಮುಗಿಯಿತಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನಗೆ ನಗು ಬಂದದ್ದು ನಿಜ. ಹೂಂ ಅನ್ನಬೇಕು, ಅಂದರೆ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ ಎಂದೆ. ಮೊದಮೊದಲು ತಪ್ಪಿದ ಜಾಗದಲ್ಲಿ ಅಂದಳು, ಒಂದೇ ಉಸಿರಿಗೆ ನಾಲ್ಕೈದು ಹೂಂ ಅಂದು ಕಥೆ ಓಡಿಸಲು ನೋಡಿದಳು. ನಾನು ಅದಕ್ಕೂ ನಿಂತೆ. ಕೆಲವೇ ದಿನದಲ್ಲಿ ಅವಳಿಗೆ ಅದರ ರುಚಿ ಹತ್ತಿತು. ನಾನು ಕಳ್ಳನನ್ನು ತಂದರೆ ಹೂಂ ಸಣ್ಣದಾಗುತ್ತಿತ್ತು, ಮುದುಕಿ ಬಿದ್ದರೆ ದೊಡ್ಡದಾಗುತ್ತಿತ್ತು. ಅಲ್ಲಿಂದ ಆಮೇಲೆ ಏನಾಯಿತು, ಯಾಕೆ ಹೋದಳು ಎಂದು ಕೇಳುವುದಕ್ಕೂ ಬಂದಳು, ಕನ್ನಡದಲ್ಲೇ. ಬೇರೇನನ್ನೂ ಮಾತಾಡದ ಕಿಯಾನ್ ಕೂಡ ನನ್ನ ತೊಡೆಗೆ ಬೆನ್ನು ಕೊಟ್ಟು ಹೂಂ, ಹೂಂ ಅನ್ನುತ್ತಿದ್ದ. ಆ ಕೆಲವು ವಾರ ಆ ಮನೆಯಲ್ಲಿ ನನಗೆ ಕೆಲಸವಿತ್ತು. ಮುಂದುವರಿಸುವ ಅರ್ಜಿ ಯಾವಾಗ ಹಾಕುತ್ತೀರಿ ಎಂದು ಕೇಳುವ ಅಗತ್ಯವೂ ನನಗೆ ಕಾಣಲಿಲ್ಲ.

ಆದರೆ ಬದುಕಿರುವ ಮನುಷ್ಯರು ಕಥೆ ಹೇಳಿದರೆ ಗದ್ದಲವಾಗುತ್ತದೆ. ಮುದುಕಿ ಬಿದ್ದಾಗಲೆಲ್ಲ ಮಕ್ಕಳು ಕೇಕೆ ಹಾಕುತ್ತಿದ್ದರು, ಅದು ಹರ್ಷನ ಮೀಟಿಂಗಿಗೆ ಹೋಗುತ್ತಿತ್ತು. ಅವನು ಬಂದು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಹೋಗುತ್ತಿದ್ದ. ನನ್ನ ಅಳಿಯ ಮೈಸೂರಿನವನು, ಬಹಳ ಒಳ್ಳೆಯವನು, ಅದೇ ತೊಂದರೆ, ಬೈಯಲು ಆಸ್ಪದವಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಅವನೇ ಹೇಳಿದ: ಪೆಟ್ಟಿಗೆಗೆ ಖಾಲಿ ಕಾರ್ಡುಗಳೂ ಸಿಗುತ್ತವೆ, ಅದರಲ್ಲಿ ನಮ್ಮ ದನಿಯನ್ನೇ ತುಂಬಬಹುದು, ಅತ್ತೆಯ ಕಥೆಗಳನ್ನೆಲ್ಲ ತುಂಬಿಬಿಡೋಣ, ಇಂಥದ್ದು ಕಳೆದುಹೋಗಬಾರದು. ಶೈಲಾಳ ಕಣ್ಣಲ್ಲಿ ನೀರು ಬಂತು. ನನಗೂ ಹಿಗ್ಗಾಯಿತು, ಯಾಕೆ ಸುಳ್ಳು ಹೇಳಲಿ. ನಾಲ್ಕನೇ ಇಯತ್ತೆಯವಳ ಬಾಯಿಂದ ಬಂದದ್ದು ಕಳೆದುಹೋಗಬಾರದು ಎಂದು ಯಾರೂ ಅಂದಿರಲಿಲ್ಲ.

ಸದ್ದು ಚೆನ್ನಾಗಿ ಹಿಡಿಯಲಿ ಎಂದು ಬಟ್ಟೆ ತೂಗುಹಾಕುವ ಕೋಣೆಯಲ್ಲಿ, ಅವನ ಕೋಟು ಅವಳ ಸೀರೆಗಳ ನಡುವೆ ಕುರ್ಚಿ ಹಾಕಿ ಕೂರಿಸಿದ. ಬಾಯಿ ಮುಂದೆ ಒಂದು ಯಂತ್ರ. ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ತೂಗುಬಿದ್ದ ಕೋಟುಗಳಿಗೆ ಕಥೆ ಹೇಳುವುದು ಹೇಗೆ? ಕೊನೆಗೆ ಅನ್ವಿಯನ್ನು ಕರೆಸಿ ಕಾಲ ಬಳಿ ಕೂರಿಸಿಕೊಂಡೆ. ಅವಳು ಹೂಂ ಅಂದಳು, ನಾನು ಹೇಳಿದೆ. ಎಷ್ಟೋ ಮಧ್ಯಾಹ್ನ ಹಾಗೇ ನಡೆಯಿತು, ನನಗೆ ಗೊತ್ತಿದ್ದದ್ದೆಲ್ಲ ಅದರೊಳಗೆ ಹೋಯಿತು. ಆ ಸೀರೆಗಳ ಕತ್ತಲೆಯಲ್ಲಿ ಅವಳು ಹೇಳಿದ ಹೂಂನಷ್ಟು ಚಂದದ ಹೂಂ ನಾನು ಗುಳೇದಗುಡ್ಡದಲ್ಲೂ ಕೇಳಿಲ್ಲ. ಎಲ್ಲ ಮುಗಿದ ಮೇಲೆ ಹರ್ಷ ಲ್ಯಾಪ್‌ಟಾಪು ಹಿಡಿದುಕೊಂಡು ಅಡುಗೆಮನೆಗೆ ಬಂದ.

“ಅತ್ತೆ, ತುಂಬಾ ಚೆನ್ನಾಗಿ ಬಂದಿದೆ. ಮಧ್ಯೆ ಮಧ್ಯೆ ಅನ್ವಿ ವಾಯ್ಸು, ಸುಮಾರು ಗ್ಯಾಪು ಇತ್ತು. ಎಲ್ಲ ಕ್ಲೀನ್ ಮಾಡಿದೀನಿ.”

“ಏನು ಕ್ಲೀನ್ ಮಾಡಿದ್ರಿ?”

“ಆ ಹೂಂ ಹೂಂ ಇತ್ತಲ್ಲ, ಅದನ್ನ ತೆಗೆದೆ. ಅರ್ಧಕ್ಕರ್ಧ ಚಿಕ್ಕದಾಯ್ತು, ನೀಟಾಗಿದೆ.”

“ಅದನ್ನ ತಗದ ಮ್ಯಾಲ ಉಳಿದದ್ದು ಏನು?”

“ಕಥೆ, ಅತ್ತೆ,” ಎಂದ, ನನಗೆ ತಿಳಿಯಲಿಲ್ಲವೇನೋ ಎಂದು ಮೃದುವಾಗಿ.

ಅವನು ಅಷ್ಟಕ್ಕೇ ಬಿಡಲಿಲ್ಲ. ಒಂದೊಂದು ಕಥೆಗೂ ಬಣ್ಣ ತುಂಬುವ ಚಿತ್ರ ಬರೆಸಿದ, ಕಂಪ್ಯೂಟರಿಗೆ ಹೇಳಿದರೆ ಅದೇ ಬರೆಯುತ್ತದಂತೆ. ಏಳು ಸೀರೆಯ ಮುದುಕಿಗೆ ಅದು ದುಂಡನೆಯ ಮೂಗು, ಕನ್ನಡಕ, ಕೆಳಗೆ ಅಗಲ ಮೇಲೆ ಸಣ್ಣದಾಗಿ ಸುತ್ತು ಸುತ್ತಾದ ಲಂಗ ಬರೆದಿತ್ತು. ಅನ್ವಿ ಒಂದೊಂದು ಸುತ್ತಿಗೆ ಒಂದೊಂದು ಬಣ್ಣ ತುಂಬಿ, ತುದಿಗೆ ಮೇಣದ ಬತ್ತಿ ಇಟ್ಟು, ಬರ್ತ್‌ಡೇ ಕೇಕು ಮಾಡಿದಳು. ನಾನು ಸೀರೆ ಅಂದರೆ ಹೀಗಲ್ಲ, ನೆರಿಗೆ ಇರುತ್ತದೆ ಎಂದು ನನ್ನದನ್ನೇ ತೋರಿಸಲು ಹೋದೆ. ಅಷ್ಟರಲ್ಲಿ ಪೆಟ್ಟಿಗೆಯೊಳಗಿನ ನಾನು ಕಳ್ಳನ ಜಾಗಕ್ಕೆ ಬಂದಿದ್ದೆ. ಅನ್ವಿ ತುಟಿಯ ಮೇಲೆ ಬೆರಳಿಟ್ಟಳು.

“ಶ್, ಅಜ್ಜಿ. ಅಜ್ಜಿ ಈಸ್ ಟಾಕಿಂಗ್.”

ಹಿಡಿದ ನೆರಿಗೆ ಬಿಟ್ಟೆ. ಅದರ ಮರುದಿನವೂ ಕಡ್ಡಿ ಚೂಪು ಮಾಡುತ್ತಾ ಕೂತೆ. ನನ್ನದೇ ದನಿ, ಎಲ್ಲೂ ನಿಲ್ಲದೆ, ಯಾರನ್ನೂ ಕೇಳದೆ ಗಡಗಡನೆ ಓಡುತ್ತಿತ್ತು. ನಾನು ಜನ್ಮದಲ್ಲಿ ಹಾಗೆ ಮಾತಾಡಿದವಳಲ್ಲ. ಮಕ್ಕಳು ತಲೆ ತಗ್ಗಿಸಿ ಬಣ್ಣ ತುಂಬುತ್ತಿದ್ದರು, ಹೂಂ ಅನ್ನುವ ಜಾಗವೇ ಅದರಲ್ಲಿ ಇರಲಿಲ್ಲ. ಒಂದೆರಡು ವಾರ ಕಿಯಾನ್ ಅಲ್ಲಲ್ಲಿ ಅಂದು ನೋಡಿದ. ಪೆಟ್ಟಿಗೆ ಅವನಿಗಾಗಿ ನಿಲ್ಲಲಿಲ್ಲ, ಅವನು ಬಿಟ್ಟುಬಿಟ್ಟ. ನಾನೇ ಹೇಳುತ್ತೇನೆ ಎಂದು ಪೆಟ್ಟಿಗೆಯ ಕಿವಿಯಂಥ ಗುಂಡಿ ತಿರುಗಿಸಿ ನಿಲ್ಲಿಸಿದರೆ ಅನ್ವಿಗೆ ಸಿಟ್ಟು ಬರುತ್ತಿತ್ತು. ನೀನು ದಿನಾ ಬೇರೆ ಬೇರೆ ಹೇಳುತ್ತೀ, ಇದು ಸರಿಯಾಗಿ ಹೇಳುತ್ತದೆ ಎನ್ನುತ್ತಿದ್ದಳು, ಮತ್ತೆ ಇಂಗ್ಲಿಷಿನಲ್ಲಿ. ಅತ್ತ ನನ್ನ ಮಗಳು ಸುಖವಾಗಿದ್ದಳು. ಮನೆ ತಣ್ಣಗಿತ್ತು, ಮಕ್ಕಳ ಕಿವಿಗೆ ಕನ್ನಡ ಬೀಳುತ್ತಿತ್ತು, ಅದೂ ಅವ್ವನ ದನಿಯಲ್ಲಿ. ಅವಳು ಆ ಕಥೆಗಳನ್ನು ತನ್ನ ಗೆಳತಿಯರಿಗೆಲ್ಲ ಕಳಿಸಿದ್ದಳು, ಸುತ್ತಲಿನ ಊರುಗಳಲ್ಲಿ, ಕ್ಯಾಂಪ್‌ಬೆಲ್‌ನಿಂದ ಡ್ಯಾನ್‌ವಿಲ್‌ವರೆಗೆ ಯಾರ್ಯಾರ ಮನೆಯಲ್ಲೋ ನಾನು ಮಾತಾಡುತ್ತಿದ್ದೆ.

ಡ್ಯಾನ್‌ವಿಲ್‌ನ ಒಂದು ಮನೆಗೆ ಬರ್ತ್‌ಡೇಗೆ ಕರೆದುಕೊಂಡು ಹೋದರು. ದೊಡ್ಡ ಮನೆ, ಹಿತ್ತಲಲ್ಲಿ ಮಕ್ಕಳು ಕುಣಿಯುವ ಗಾಳಿಯ ಗುಡಾರ, ಮೇಜಿನ ಮೇಲೆ ಪಿಜ್ಜಾದ ಪಕ್ಕದಲ್ಲಿ ಬಿಸಿಬೇಳೆ ಭಾತು. ನಾನು ಅಡುಗೆಮನೆಯಲ್ಲಿ ಕುಡಿಯಲು ಬಿಸಿನೀರು ಕೇಳುತ್ತಿದ್ದೆ. ಅನ್ವಿಯ ವಯಸ್ಸಿನ ಒಬ್ಬಳು ಓಡುತ್ತಿದ್ದವಳು ಗಕ್ಕನೆ ನಿಂತು, ಮೊದಲು ಪೆಟ್ಟಿಗೆ ಎಲ್ಲಿದೆ ಎಂದು ಅಲಮಾರಿನ ಮೇಲೆ ಹುಡುಕಿದಳು. ಆಮೇಲೆ ನನ್ನ ಬಾಯಿ ನೋಡಿದಳು, ಆಮೇಲೆ ಸೊಂಟ. ಎಷ್ಟು ಸೀರೆ ಉಟ್ಟಿದ್ದೇನೆ ಎಂದು ನೋಡಿದಳೆಂದು ಕಾಣುತ್ತದೆ. ಅವಳ ತಾಯಿ ಬಂದು, ಅಯ್ಯೋ ಅಮ್ಮ, ನೀವೇನಾ ಅವರು, ದಿನಾ ನಿಮ್ಮ ಕಥೆ ಹಾಕಿಲ್ಲ ಅಂದ್ರೆ ಇವಳು ಮಲಗಲ್ಲ ಎಂದು ಕಾಲಿಗೆ ಬಿದ್ದಳು. ಸುತ್ತ ನಾಲ್ಕು ಜನ ಸೇರಿದರು. ಒಂದು ಸಲ ಎದುರಿಗೇ ಹೇಳಿ ಎಂದರು. ನಾನು ಆ ಹುಡುಗಿಯನ್ನು ಮುಂದೆ ಕೂರಿಸಿಕೊಂಡು ಮೊದಲ ಮಾತು ಹೇಳಿ ನಿಂತೆ. ಆ ಮಗು ಹೂಂ ಅನ್ನಲಿಲ್ಲ, ಎರಡನೆಯ ಮಾತನ್ನು ತಾನೇ ಹೇಳಿತು. ಮೂರನೆಯದನ್ನೂ ಹೇಳಿತು. ನನ್ನದೇ ರಾಗ, ನನ್ನ ಕೆಮ್ಮಿನ ಜಾಗದಲ್ಲಿ ಒಂದು ಸಣ್ಣ ಕೆಮ್ಮು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬೇಕೆಂದೇ, ಅವತ್ತು ಕಳ್ಳ ಬರಲೇ ಇಲ್ಲ, ಅವನ ಹೆಂಡತಿ ಬಂದಳು ಎಂದೆ. ಹುಡುಗಿ ತಲೆ ಅಲ್ಲಾಡಿಸಿ, ಅದು ಹಾಗಿಲ್ಲ ಎಂದು ನನ್ನನ್ನು ತಿದ್ದಿ, ಎದ್ದು ಗಾಳಿಯ ಗುಡಾರಕ್ಕೆ ಓಡಿಹೋದಳು. ಕಾರಿನಲ್ಲಿ ಬರುವಾಗ ಶೈಲಾ ಬಹಳ ಹೆಮ್ಮೆಯಿಂದ ಮಾತಾಡುತ್ತಿದ್ದಳು. ನಾನು ಕಿಟಕಿಯ ಹೊರಗಿನ ಒಣಗುಡ್ಡ ನೋಡುತ್ತಾ ಕೂತಿದ್ದೆ. ಆರನೆಯ ತಿಂಗಳು ಹತ್ತಿರ ಬರುತ್ತಿತ್ತು, ಅರ್ಜಿಯ ಮಾತನ್ನು ಅವಳು ಎತ್ತಿರಲಿಲ್ಲ.

ಅದನ್ನು ಎತ್ತಿದ್ದು ಒಂದು ಶನಿವಾರ, ಹಿತ್ತಲಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದಾಗ. ಅವಳು ಬೇಯಿಸಲು ಕೂತಿದ್ದಳು. ನನ್ನ ಮುಖ ನೋಡಲಿಲ್ಲ, ಹಂಚಿನ ಮೇಲಿನ ರೊಟ್ಟಿ ನೋಡುತ್ತಾ ಮಾತಾಡಿದಳು.

“ಅವ್ವ, ಎಕ್ಸ್‌ಟೆನ್ಶನ್ ಬ್ಯಾಡ ಅನಸಾಕತ್ತೈತಿ. ಮಕ್ಕಳು ಈಗ ಸೆಟ್ ಆಗ್ಯಾರ. ಮುಂಜಾನೆ ಪ್ರೀಸ್ಕೂಲಿಗೆ ಹಾಕ್ತೀವಿ. ಮಧ್ಯಾಹ್ನ ಪೆಟ್ಟಿಗಿ ಹಚ್ಚಿದ್ರ ತಾವ ಕುಂತು ಬಣ್ಣ ತುಂಬ್ತಾವ. ನೀನರ ಎಷ್ಟಂತ ಇಲ್ಲಿ ಕಟ್ಟಿ ಹಾಕಿದಂಗ ಇರ್ತಿ.”

“ಕಟ್ಟಿ ಹಾಕ್ಯಾರ ಅಂತ ನಾ ಯಾವಾಗ ಅಂದೆ?”

“ಹಂಗಲ್ಲ ಅವ್ವ. ನೀ ಊರಾಗ ಇದ್ರೂ ನಿನ್ನ ದನಿ ಹೆಂಗೂ ಮನ್ಯಾಗ ಇರ್ತೈತಲ್ಲ.”

“ದನಿಗೆ ಖೋಲಿ ಬೇಕಾಗಿಲ್ಲ, ಶೈಲಾ. ನನಗ ಬೇಕಾಗೈತಿ.”

ಅವಳು ರೊಟ್ಟಿ ತಿರುವಿ ಹಾಕಿದಳು. ಆಮೇಲೆ ನಿಜ ಹೊರಗೆ ಬಂತು. ಕೆಳಗೆ ಅಡುಗೆಮನೆಯ ಸದ್ದಿಗೆ ಹರ್ಷನಿಗೆ ತೊಂದರೆಯಾಗುತ್ತಿದೆ, ಅವನ ಆಫೀಸನ್ನು ಮೇಲೆ ನನ್ನ ಕೋಣೆಗೆ ಒಯ್ಯಬೇಕೆಂದಿದ್ದಾರೆ, ಮೇಜೂ ಬಂದು ಗ್ಯಾರೇಜಿನಲ್ಲಿ ಕೂತಿದೆ. ಬೇಡುವುದು ನನಗೆ ಬರುವುದಿಲ್ಲ, ಯಾರೂ ಕಲಿಸಲಿಲ್ಲ. ಉಳಿದ ಹಿಟ್ಟನ್ನೆಲ್ಲ ಬಡಿದು ಮುಗಿಸಿದೆ. ಅವಳನ್ನು ಕೆಟ್ಟವಳು ಎಂದು ನಾನು ಇವತ್ತಿಗೂ ಅನ್ನುವುದಿಲ್ಲ. ನನ್ನಿಂದ ಬೇಕಾದದ್ದು ಅವಳ ಕೈಗೆ ಸಿಕ್ಕಿತ್ತು. ಉಳಿದದ್ದು ಎರಡು ಕಾಲು, ಒಂದು ಹೊಟ್ಟೆ, ಗ್ಯಾಸಿನ ವಾಸನೆ ಮತ್ತು ದೊಡ್ಡ ಗಂಟಲು. ಅದನ್ನು ಇಟ್ಟುಕೊಂಡು ಏನು ಮಾಡುತ್ತಾಳೆ?

ಹೊರಡುವ ವಾರ ನಾನು ಕೋಣೆಯಲ್ಲಿ ಸೂಟ್‌ಕೇಸು ತುಂಬುತ್ತಿದ್ದಾಗ ಅನ್ವಿ ತಾನಾಗಿಯೇ ಬಂದು ಮಂಚ ಹತ್ತಿದಳು, ಹಿಂದೆ ಕಿಯಾನ್. ಪೆಟ್ಟಿಗೆಯಲ್ಲಿ ಇಲ್ಲದ ಕಥೆ ಇದೆಯಾ ಎಂದು ಕೇಳಿದಳು. ಒಂದು ಇತ್ತು. ಅದು ಕಥೆಯಲ್ಲ, ನಮ್ಮ ಮನೆಯಲ್ಲಿ ನಡೆದದ್ದು, ಅದಕ್ಕೇ ತುಂಬಿರಲಿಲ್ಲ. ನಾನು ಮಡಿಚುವುದನ್ನು ಬಿಟ್ಟು ಕೂತೆ. ನಮ್ಮ ಅಜ್ಜ ಬಣ್ಣದ ಮನೆಯೊಳಗೆ ಹೆಂಗಸರನ್ನು ಬಿಡುತ್ತಿರಲಿಲ್ಲ ಎಂದೆ. ಹೂಂ ಅಂದಳು. ಹೇಳಿಕೊಡದೆಯೇ ಅಂದಳು. ಒಂದು ಸಲ ಮದುವೆಯ ಖಣಕ್ಕೆ ಕೆಂಪು ನೂಲು ಬೇಕಾಗಿತ್ತು, ಮರುದಿನವೇ ಬೇಕಾಗಿತ್ತು, ಅಜ್ಜ ಜ್ವರ ಬಂದು ಮೇಲೇಳದೆ ಮಲಗಿದ್ದ ಎಂದೆ. ಹೂಂ. ನಮ್ಮ ಚಿಗವ್ವ, ನನ್ನ ಕಾಕನ ಹೆಂಡತಿ, ಮದುವೆಯಾಗಿ ಬಂದಾಗಿನಿಂದ ಬಾಗಿಲ ಸಂದಿಯಲ್ಲಿ ನಿಂತು ಅವನು ಮಾಡುವುದನ್ನು ನೋಡಿದ್ದಳು. ಹೂಂ. ಯಾರಿಗೂ ಹೇಳದೆ ಕಚ್ಚೆ ಕಟ್ಟಿ ಒಳಗೆ ಹೋಗಿ ಒಲೆ ಹಚ್ಚಿದಳು. ಈ ಹೂಂ ಬಹಳ ಸಣ್ಣದು, ಹೆದರಿಕೆಯದು, ನಾನು ಅಲ್ಲಿ ಹೊಗೆಯನ್ನು ಇನ್ನಷ್ಟು ದಟ್ಟ ಮಾಡಿದೆ. ಕಿಯಾನ್ ನನ್ನ ಸೆರಗು ಹಿಡಿದುಕೊಂಡ. ಬೆಳಗ್ಗೆ ಗಳದ ತುಂಬ ಕೆಂಪು ಲಡಿ, ಅವಳ ಕೈ ಮೊಣಕೈವರೆಗೆ ಕೆಂಪು. ಅಜ್ಜ ಕೋಲು ಊರಿಕೊಂಡು ಎದ್ದು ಬಂದ, ಯಾರನ್ನೂ ನೋಡಲಿಲ್ಲ, ಒಂದು ಎಳೆ ಹಿರಿದು ಬಿಸಿಲಿಗೆ ಹಿಡಿದ. ಅಲ್ಲಿ ನಿಂತೆ, ಹೂಂಗಾಗಿ. ಆಗ ಬಾಗಿಲ ಕಡೆ ಕಣ್ಣು ಹೋಯಿತು. ಶೈಲಾ ಸದ್ದಿಲ್ಲದೆ ನಿಂತು ಫೋನನ್ನು ನಮ್ಮ ಕಡೆ ಹಿಡಿದಿದ್ದಳು.

“ಯಾಕ ನಿಂತಿ ಅವ್ವ? ಹೇಳು, ಚಂದ ಬರಾಕತ್ತಿತ್ತು.”

“ಫೋನ್ ಒಳಗಿಡು.”

“ಇವಕ್ಕ ಬೇಕಲ್ಲ. ನೀ ಹೋದ ಮ್ಯಾಲ ಕೇಳ್ತಾವ.”

“ಈಗ ಕೇಳಾಕತ್ತಿದ್ವು.”

ಅವಳು ಫೋನು ಇಳಿಸಲಿಲ್ಲ, ನಾನು ಬಾಯಿ ತೆರೆಯಲಿಲ್ಲ. ನಾನು ಅನ್ವಿಯ ಮುಖ ನೋಡುತ್ತಿದ್ದೆ. ಆಮೇಲೆ ಏನಾಯಿತು ಎಂದು ಅವಳು ಒಂದು ಮಾತು ಕೇಳಿದ್ದರೆ, ಫೋನಿದ್ದರೂ ಹೇಳಿಬಿಡುತ್ತಿದ್ದೆ. ಅವಳು ಅಮ್ಮನ ಕೈಯನ್ನು ನೋಡಿದಳು, ನನ್ನನ್ನು ನೋಡಿದಳು, ಮಂಚದಿಂದ ಇಳಿದು ಸಮಾಧಾನ ಮಾಡುವಂತೆ ನನ್ನ ಮೊಣಕಾಲು ತಟ್ಟಿದಳು.

“ಪರವಾಗಿಲ್ಲ ಅಜ್ಜಿ. ಯು ಕ್ಯಾನ್ ಸೆಂಡ್ ಇಟ್ ಲೇಟರ್.”

ಬಣ್ಣ ತುಂಬಲು ಕೆಳಗೆ ಹೋದಳು. ಕಥೆ ನಿಂತದ್ದು ಕಿಯಾನ್‌ಗೆ ತಿಳಿದಿರಲಿಲ್ಲ. ಅವನು ಇನ್ನೊಂದು ಸಲ ಹೂಂ ಅಂದ, ಸ್ವಲ್ಪ ಹೊತ್ತು ಕಾದ, ಆಮೇಲೆ ಅವನೂ ಅಕ್ಕನ ಹಿಂದೆ ಹೋದ.

ಬಾಗಲಕೋಟೆಗೆ ಬಂದ ಮೇಲೆ ಶೈಲಾ ಫೋನಿನಲ್ಲಿ ಅದನ್ನು ಹಲವು ಸಲ ಕೇಳಿದ್ದಾಳೆ. ಪೂರ್ತಿ ಹೇಳಿ ಕಳಿಸು ಅವ್ವ, ಒಂದು ಕಾರ್ಡು ಖಾಲಿ ಇಟ್ಟಿದ್ದೇನೆ ಎನ್ನುತ್ತಾಳೆ. ಕಳಿಸಿಲ್ಲ. ಅಜ್ಜ ಆ ಎಳೆಯನ್ನು ಬಿಸಿಲಿಗೆ ಹಿಡಿದು ಚಿಗವ್ವನಿಗೆ ಏನೆಂದ, ಅವಳು ಎಲ್ಲರ ಎದುರು ಏನು ಮಾಡಿದಳು ಎನ್ನುವುದು ಈಗ ಬದುಕಿರುವವರಲ್ಲಿ ನನಗೊಬ್ಬಳಿಗೇ ಗೊತ್ತು. ಅನ್ವಿ ಎಂದಾದರೂ ಬಂದು ನನ್ನ ಎದುರಿಗೆ ಕೂತು ಕೇಳಿದರೆ ಹೇಳುತ್ತೇನೆ. ಕೇಳದಿದ್ದರೆ ಅದು ನನ್ನ ಜೊತೆಗೇ ಹೋಗಲಿ. ಇಲ್ಲಿಯೂ ಬರೆಯುವುದಿಲ್ಲ.